ಹಳೇ ಗೋಡೌನನ್ನ ರೆಸ್ಟೋರೆಂಟ್ ಮಾಡೋದಾದ್ರೆ ಒಳಗಡೆ ಯಾವ ಥೀಮ್ ಚೆನ್ನಾಗಿರುತ್ತೆ?

ಯಾವ ಥೀಮೂ ಬೇಡ ಅಂತೀನಿ ನಾನು. ಇಂಟೀರಿಯರ್ ಕೆಲಸ ಮಾಡ್ಕೊಂಡೇ ಹೊಟ್ಟೆ ಹೊರೀತಿರೋನು ಹೀಗಂದ್ರೆ ವಿಚಿತ್ರ ಅನ್ಸಬಹುದು, ಆದ್ರೆ ಗೋಡೌನೇ ಒಂದು ಥೀಮ್ ಅಲ್ವಾ? ಅದರೊಳಗೆ ಹಡಗಿನ ಸೆಟ್ಟು, ಕಾಡಿನ ಸೆಟ್ಟು ಹಾಕಿದ್ರೆ ಮೊದಲೆರಡು ತಿಂಗಳು ಜನ ಫೋಟೋ ತೆಗೆಸ್ಕೊಳ್ಳೋಕೆ ಬರ್ತಾರೆ, ಆಮೇಲೆ ಪ್ಲಾಸ್ಟಿಕ್ ಎಲೆ ಮೇಲೆ ಎಣ್ಣೆಜಿಡ್ಡು ಧೂಳು ಎರಡೂ ಸೇರಿ ಕೂತ್ಕೊಳ್ಳುತ್ತೆ, ಒರೆಸೋರು ಯಾರು. ಕಟ್ಟಡನೇ ಥೀಮ್ ಆಗೋದು ಹೇಗೆ ಅಂತ ಕೆಲವು ಉದಾಹರಣೆ ನೋಡಿ.

ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ 13ನೇ ಶತಮಾನದ ಒಂದು ಡೊಮಿನಿಕನ್ (ಕ್ರೈಸ್ತ ಸನ್ಯಾಸಿಗಳ ಒಂದು ಪಂಥ) ಚರ್ಚ್ ಇದೆ, ಒಂದು ಕಾಲಕ್ಕೆ ಸೈಕಲ್ ನಿಲ್ಲಿಸೋ ಜಾಗ ಆಗ್ಬಿಟ್ಟಿತ್ತು, 2006ರಲ್ಲಿ ಅದನ್ನ ಪುಸ್ತಕದಂಗಡಿ ಮಾಡಿದ್ರು. ಬೇಕಾದಷ್ಟು ಪುಸ್ತಕ ಇಡೋಕೆ ನೆಲದ ಜಾಗ ಸಾಲ್ತಿರ್ಲಿಲ್ಲ. ಹಂಗಂತ ಚರ್ಚಿನ ಅಗಲಕ್ಕೂ ಅಟ್ಟ ಹೊಡೆದಿದ್ರೆ ಆ ಎತ್ತರ, ಆ ಕಮಾನು ಎಲ್ಲಾ ಹಾಳು. ಅವ್ರು ಏನ್ಮಾಡಿದ್ರು ಅಂದ್ರೆ, ಒಂದೇ ಪಕ್ಕಕ್ಕೆ ಕಪ್ಪು ಸ್ಟೀಲಿನ ದೊಡ್ಡ ಶೆಲ್ಫು ನಿಲ್ಲಿಸಿದ್ರು, ಶೆಲ್ಫ್ ಅಂದ್ರೆ ಒಳಗೇ ಮೆಟ್ಟಿಲು ಹತ್ಕೊಂಡು ಓಡಾಡೋ ಅಷ್ಟು ದೊಡ್ಡದು, ಇನ್ನೊಂದು ಪಕ್ಕ ಎತ್ತರದ್ದೇನೂ ಇಡದೆ ಸೂರಿನವರೆಗೂ ತೆರೆದೇ ಬಿಟ್ರು. ಚರ್ಚಿಗೆ ಅಂಟಿಸದೆ ತಾನೇ ನಿಲ್ಲೋ ಥರ ಕಟ್ಟಿದಾರೆ, ನಾಳೆ ಬಿಚ್ಚಿ ತೆಗೆದ್ರೂ ಚರ್ಚ್ ಚರ್ಚಾಗೇ ಇರುತ್ತೆ. ಮೇಲಿನ ಅಂತಸ್ತಿಗೆ ಹೋದ್ರೆ ಕೆಳಗಿಂದ ಕತ್ತೆತ್ತಿ ನೋಡ್ತಿದ್ದ ಕಮಾನು ಹತ್ರದಲ್ಲೇ ಕಾಣುತ್ತೆ, ಜಾಗದ ಕೊರತೆನೇ ಲಾಭ ಆಯ್ತು ನೋಡಿ.

ಬ್ಯೂನಸ್ ಐರಿಸ್‌ನ ಎಲ್ ಅತೆನಿಯೊ ಕೂಡ ಹೀಗೇ, 1919ರ ನಾಟಕ ಥಿಯೇಟರು ಈಗ ಪುಸ್ತಕದಂಗಡಿ, ವೇದಿಕೆ ಮೇಲೆ ಕೆಫೆ. ಲಂಡನ್‌ನಲ್ಲಂತೂ ನೆಲದಡಿ ಇದ್ದ ವಿಕ್ಟೋರಿಯಾ ಕಾಲದ ಪಬ್ಲಿಕ್ ಟಾಯ್ಲೆಟ್ಟನ್ನ 2013ರಲ್ಲಿ ಕಾಫಿ ಶಾಪ್ ಮಾಡಿದಾರೆ, ಪಿಂಗಾಣಿ ಯೂರಿನಲ್‌ಗಳನ್ನ ಕೀಳ್ದೆ ಅದಕ್ಕೇ ಹಲಗೆ ಕೂರಿಸಿ ಒಂದೊಂದರ ಮುಂದೆ ಒಂದೊಂದು ಸ್ಟೂಲು ಹಾಕಿದಾರೆ. (ಕ್ಲೀನ್ ಮಾಡೇ ಇರ್ತಾರೆ ಬಿಡಿ, ಆದ್ರೂ ನಾನು ಮೂಲೆ ಟೇಬಲ್ಲೇ ನೋಡ್ಕೋತೀನಿ.)

ಈಗ ನಾನು ಎಡವಿದ ಕಥೆ. ಒಂದು ಹಳೇ ವರ್ಕ್‌ಶಾಪನ್ನ ರೆಸ್ಟೋರೆಂಟ್ ಮಾಡಿದ್ವಿ, ಸಿಮೆಂಟ್ ನೆಲ, ಗಾಜು, ಮೇಲೆ ಶೀಟು, ಫೋಟೋದಲ್ಲಿ ಸೂಪರ್. ಓಪನಿಂಗ್ ದಿನ ಎಲ್ಲಾ ಟೇಬಲ್ ತುಂಬಿದ ಮೇಲೆ ನೋಡಿದ್ರೆ ಎದುರಿಗೆ ಕೂತೋರ ಮಾತೇ ಕೇಳ್ತಿಲ್ಲ, ಒಬ್ಬ ಅಜ್ಜ ಕಿವಿಗೆ ಕೈ ಅಡ್ಡ ಇಟ್ಕೊಂಡು ಸೊಸೆ ಬಾಯನ್ನೇ ನೋಡ್ತಿದ್ರು, ವೇಟರು ಆರ್ಡರ್ ಎರಡೆರಡು ಸಲ ಕೇಳ್ತಿದ್ದ. ಗಟ್ಟಿ ಮೈ ಇರೋ ಎಲ್ಲದಕ್ಕೂ ಸದ್ದು ಬಡಿದು ವಾಪಸ್ ಬರುತ್ತೆ, ಅದನ್ನ ಹೀರೋ ಮೆತ್ತನೆದು ಏನಾದ್ರೂ ಇರ್ಬೇಕು. ಆಮೇಲೆ ಟೇಬಲ್ ಅಡಿಗೆಲ್ಲ ದಪ್ಪ ಫೆಲ್ಟ್ ಅಂಟಿಸಿ, ಸೂರಿಂದ ಅಕೌಸ್ಟಿಕ್ ಪ್ಯಾನೆಲ್ ಇಳಿಬಿಟ್ವಿ, ಎಷ್ಟೋ ವಾಸಿ ಆಯ್ತು. ಇಟ್ಟಿಗೆ ಗೋಡೆನೂ ಹಂಗೇ, ಪ್ಲಾಸ್ಟರ್ ಕಿತ್ತು ತೋರ್ಸಿದ್ರೆ ಚಂದ, ಆದ್ರೆ ಮೇಲೆ ಸೀಲರ್ (ಪುಡಿ ಉದುರದಂಗೆ ಹಿಡಿಯೋ ಲೇಪ) ಹೊಡೀದೆ ಬಿಟ್ರೆ ಕೆಂಪು ಪುಡಿ ಸೀದಾ ತಟ್ಟೆಗೆ.

ಲೈಟು 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನ ಬೆಚ್ಚಗಿನ ಹಳದಿದ್ದೇ ಹಾಕಿ, 6500ರ ಬಿಳಿ ಬೆಳಕಲ್ಲಿ ಊಟ ಸಪ್ಪೆ ಕಾಣುತ್ತೆ. ಕುರ್ಚಿ, ಬಣ್ಣ ಎಲ್ಲಾ ಆಮೇಲೆ, ಮೊದ್ಲು ಅಡುಗೆಮನೆ ಹೊಗೆ ಎಲ್ಲಿಂದ ಆಚೆ ಹೋಗುತ್ತೆ, ನೀರು ಯಾವ ಕಡೆ ಹರಿಯುತ್ತೆ ಅಂತ ನೋಡ್ಕೊಂಡ್ರಾ?