ಸೋಲಾರ್, ಗಾಳಿ ನಂಬಿಕೊಂಡು ಇಡೀ ದೇಶಕ್ಕೆ ಕರೆಂಟ್ ಕೊಡಬಹುದಾ?

ಕೊಡಬಹುದು. ಆದರೆ ಬರೀ ಪ್ಯಾನೆಲ್ ಹಾಕಿದರೆ ಸಾಲದು.

ನಮ್ಮ ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಿ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಬಿಸಿಲು ನೆತ್ತಿಗೇರಿದಾಗ ಕರೆಂಟ್ ಧಾರಾಳ. ಹೊತ್ತು ಮುಳುಗಿದರೆ ಸೊನ್ನೆ. ಮನೆಮನೆಯಲ್ಲಿ ಲೈಟು, ಟಿವಿ ಹಾಕೋದು ಆಗಲೇ ಅಲ್ವಾ?

ಗ್ರಿಡ್‌ನಲ್ಲಿ, ಅಂದರೆ ಸ್ಥಾವರಗಳನ್ನೂ ಮನೆಗಳನ್ನೂ ಜೋಡಿಸುವ ವಿದ್ಯುತ್ ಜಾಲದಲ್ಲಿ, ಬಳಕೆ, ಉತ್ಪಾದನೆ ಎರಡೂ ಪ್ರತಿ ಕ್ಷಣ ಸರಿಸಮ ಇರಬೇಕು. ತಪ್ಪಿದರೆ 50 ಹರ್ಟ್ಸ್ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುವ ಲಯ) ಏರುಪೇರಾಗುತ್ತದೆ. ತೀರಾ ಕುಸಿದರೆ ಕೆಲವು ಲೈನ್‌ಗಳು ತಾವಾಗೇ ಟ್ರಿಪ್ ಆಗುತ್ತವೆ. ಹಾಗಾಗಿ ಸಂಜೆಯ ಕೊರತೆ ತುಂಬಲು ಬೇರೆ ಆಸರೆ ಬೇಕು. ಶರಾವತಿಯಂಥ ಕಡೆ ನೀರು ಬಿಟ್ಟ ಕೆಲವೇ ನಿಮಿಷಗಳಲ್ಲಿ ಟರ್ಬೈನ್ ಕರೆಂಟ್ ಕೊಡುತ್ತದೆ. ಬ್ಯಾಟರಿ ಇನ್ನೂ ಚುರುಕು, ಆದರೆ ಸಾಮಾನ್ಯವಾಗಿ ಕೆಲವೇ ಗಂಟೆ ಬರುತ್ತದೆ. ಮುಂಗಾರಿನಲ್ಲಿ ಮೋಡ ಕವಿದಾಗ ಗಾಳಿ ಜಾಸ್ತಿ, ಅದೊಂದು ಅನುಕೂಲ. ಎರಡು ಮೂರು ದಿನ ಬಿಸಿಲು, ಗಾಳಿ ಎರಡೂ ಕೈಕೊಟ್ಟರೆ ಸದ್ಯಕ್ಕೆ ಕಲ್ಲಿದ್ದಲು ಸ್ಥಾವರಗಳೇ ಗತಿ.

ನನ್ನ ಪ್ರಕಾರ ಎಲ್ಲಕ್ಕಿಂತ ಅಗ್ಗದ ದಾರಿ ಬಳಕೆಯ ಹೊತ್ತನ್ನೇ ಬದಲಿಸೋದು. ಶಿರಾ, ಮಧುಗಿರಿ ಕಡೆ ಬೋರ್‌ವೆಲ್ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಹಗಲಲ್ಲೇ ಕೊಟ್ಟರೆ ಬಿಸಿಲಿನ ಕರೆಂಟ್ ನೇರ ಬಳಕೆಯಾಗುತ್ತದೆ. ರೈತರು ರಾತ್ರಿ ಹಾವು ಚೇಳಿನ ಭಯದಲ್ಲಿ ಮೋಟರ್ ಹಾಕಲು ಹೋಗುವುದೂ ತಪ್ಪುತ್ತದೆ.