ಓದುಗರ ಪ್ರಶ್ನೆ: ಇನ್ವರ್ಟರ್ ಯಾವಾಗ ಲೈನ್ ಕರೆಂಟಿಗೆ ಮರಳಬೇಕು?

ಪ್ರಶ್ನೆ: ಮಾನ್ಯರೇ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಮನೆಯ ಮೇಲೆ ಒಂದು ಕಿಲೋವಾಟ್ ಸೋಲಾರ್ ಪ್ಯಾನೆಲ್, ಒಳಗೆ 24 ವೋಲ್ಟಿನ ಹೈಬ್ರಿಡ್ ಇನ್ವರ್ಟರ್, 150 ಎಎಚ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿಗಳಿವೆ. ಲೈನಿಗೆ ವಿದ್ಯುತ್ ವಾಪಸ್ ಕೊಡುವ ವ್ಯವಸ್ಥೆ ಇಲ್ಲ. ಅಳವಡಿಸಿದವರು ಎಸ್‌ಬಿಯು ಎಂದೂ, ಚಾರ್ಜಿಂಗಿಗೆ ಸಿಎಸ್‌ಒ ಎಂದೂ, ಲೈನಿಗೆ ಹೋಗಲು 23 ವೋಲ್ಟ್ ಹಾಗೂ ಬ್ಯಾಟರಿಗೆ ಮರಳಲು 25 ವೋಲ್ಟ್ ಎಂದೂ ಇಟ್ಟಿದ್ದಾರೆ. ರಾತ್ರಿ ಹತ್ತರ ನಂತರ ಇನ್ವರ್ಟರ್ ‘ಕಟ್ ಕಟ್’ ಎನ್ನುತ್ತಾ ಲೈನಿಗೂ ಬ್ಯಾಟರಿಗೂ ಮತ್ತೆ ಮತ್ತೆ ಬದಲಾಗುತ್ತದೆ. ಆಗ ಕರೆಂಟ್ ಹೋದರೆ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ತಿಂಗಳ ಬಳಕೆ 190ರಿಂದ 215 ಯೂನಿಟ್ ಬರುತ್ತಿದೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ರಾತ್ರಿ ಫ್ಯಾನ್ ನಿಲ್ಲಬಾರದು. ಏನು ಬದಲಿಸಬೇಕು?

ಉತ್ತರ: ನಿಮ್ಮ ಯಂತ್ರದಲ್ಲಿ ದೋಷವಿಲ್ಲ; ಅದಕ್ಕೆ ಕೊಟ್ಟಿರುವ ಸೆಟ್ಟಿಂಗ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ. ಎಸ್‌ಬಿಯು ಎಂದರೆ ಮನೆಯ ಬಳಕೆಗೆ ಮೊದಲು ಬಿಸಿಲು, ನಂತರ ಬ್ಯಾಟರಿ, ಕೊನೆಗೆ ಲೈನ್. ಸಿಎಸ್‌ಒ ಎಂದರೆ ಬ್ಯಾಟರಿಯನ್ನು ಮೊದಲು ಬಿಸಿಲಿನಿಂದ ತುಂಬು, ಬಿಸಿಲಿಲ್ಲದಿದ್ದರೆ ಲೈನಿನಿಂದ ತುಂಬು ಎಂಬ ಆಜ್ಞೆ. ರಾತ್ರಿ ಬ್ಯಾಟರಿ 23 ವೋಲ್ಟಿಗೆ ಇಳಿದು ಮನೆ ಲೈನಿಗೆ ಹೋದ ಕೂಡಲೇ, ಬಿಸಿಲಿಲ್ಲದ ಕಾರಣ ಲೈನೇ ಬ್ಯಾಟರಿಯನ್ನು ಚಾರ್ಜ್ ಮಾಡತೊಡಗುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯ ವೋಲ್ಟೇಜ್ ಬೇಗ ಏರುವುದರಿಂದ, ಒಳಗೆ ಶಕ್ತಿ ಅಷ್ಟಾಗಿ ಸೇರುವ ಮೊದಲೇ 25 ಮುಟ್ಟಿ, ಮನೆ ಮತ್ತೆ ಬ್ಯಾಟರಿಯ ಮೇಲೆ ಬೀಳುತ್ತದೆ. ಹೀಗೆ ಲೈನಿನ ವಿದ್ಯುತ್ತನ್ನೇ ಬ್ಯಾಟರಿಗೆ ಹಾಕಿ, ಅಲ್ಲಿಂದ ತೆಗೆದು ಬಳಸುತ್ತಿದ್ದೀರಿ. ಲೆಡ್ ಆಸಿಡ್ ಬ್ಯಾಟರಿ ತಾನು ಪಡೆದಷ್ಟನ್ನು ಹಿಂದಿರುಗಿಸುವುದಿಲ್ಲವಾದ್ದರಿಂದ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಯೂನಿಟ್ ಬಿಸಿಯಾಗಿ ಹೋಗುತ್ತದೆ, ಅದೂ ನಿಮ್ಮ ಮೀಟರಿನ ಲೆಕ್ಕಕ್ಕೆ.

ಮೊದಲು ಬ್ಯಾಟರಿಗೆ ಮರಳುವ ಅಂಕೆಯನ್ನು 27 ವೋಲ್ಟಿಗೆ ಏರಿಸಿ. ಆದರೆ ಇದೊಂದನ್ನೇ ಬದಲಿಸಿದರೆ, ಬೆಳಗಾಗುವಷ್ಟರಲ್ಲಿ ಲೈನೇ ಬ್ಯಾಟರಿಯನ್ನು ಬಹುಮಟ್ಟಿಗೆ ತುಂಬಿ, ಬಿಸಿಲು ಬಂದಾಗ ಅದಕ್ಕೆ ಜಾಗವೇ ಇರುವುದಿಲ್ಲ. ಆದ್ದರಿಂದ ಚಾರ್ಜಿಂಗನ್ನು ಒಎಸ್‌ಒ, ಅಂದರೆ ‘ಸೋಲಾರ್ ಮಾತ್ರ’ ಎಂಬುದಕ್ಕೆ ಬದಲಿಸಿ. ಆಗ ರಾತ್ರಿ ಒಮ್ಮೆ ಲೈನಿಗೆ ಹೋದ ಮನೆ, ಮರುದಿನ ಬಿಸಿಲು ಬ್ಯಾಟರಿಯನ್ನು 27ಕ್ಕೆ ಏರಿಸುವವರೆಗೆ ಲೈನಿನಲ್ಲೇ ನಿಲ್ಲುತ್ತದೆ. ಸದ್ದೂ ನಿಲ್ಲುತ್ತದೆ.

ಇನ್ನು ಲೈನಿಗೆ ಹೋಗುವ ಅಂಕೆ. ಇದನ್ನು ಕಂಪನಿ ಕೊಟ್ಟ ಅಂಕೆ ಎಂದು ಹಾಗೆಯೇ ಬಿಡದೆ, ಕರೆಂಟ್ ಹೋದಾಗ ನಿಮ್ಮ ತಾಯಿಯವರಿಗೆ ಎಷ್ಟು ಹೊತ್ತು ಗಾಳಿ ಬೇಕು ಎಂಬುದರಿಂದ ಲೆಕ್ಕ ಹಾಕಬೇಕು. ನಿಮ್ಮ ಎರಡು ಬ್ಯಾಟರಿಗಳ ಒಟ್ಟು ಶಕ್ತಿ 3.6 ಯೂನಿಟ್, ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ದಿನವೂ ಇಳಿಸಬಾರದು. ತಲಾ 75 ವ್ಯಾಟಿನ ಎರಡು ಫ್ಯಾನ್, ಐದು ಎಲ್‌ಇಡಿ ದೀಪ, ಒಂದು ಟಿವಿ ಸೇರಿ ಸುಮಾರು 260 ವ್ಯಾಟ್ ಎಂದುಕೊಂಡರೆ, ಇನ್ವರ್ಟರಿನ ನಷ್ಟವೂ ಸೇರಿ ಎರಡು ಗಂಟೆಗೆ ಸುಮಾರು 0.6 ಯೂನಿಟ್ ಬೇಕು. ಇದು ಒಟ್ಟು ಶಕ್ತಿಯ ಸುಮಾರು ಶೇಕಡ 17; ಮುಟ್ಟಬಾರದ ಅರ್ಧಕ್ಕೆ ಇದನ್ನು ಸೇರಿಸಿದರೆ, ಬ್ಯಾಟರಿ ಶೇಕಡ 70ರ ಹತ್ತಿರ ಇರುವಾಗಲೇ ಮನೆ ಲೈನಿಗೆ ಹೋಗಿಬಿಡಬೇಕು. ಉಳಿದದ್ದು ಕರೆಂಟ್ ಹೋದ ಹೊತ್ತಿಗೆ ಮೀಸಲು. ಫ್ಯಾನ್, ದೀಪಗಳ ಭಾರದಲ್ಲಿ ಇದು ಸುಮಾರು 24.5 ವೋಲ್ಟಿಗೆ ಬರುತ್ತದೆ. ಒಂದು ವಾರ ಇಟ್ಟು ನೋಡಿ. ಮಿಕ್ಸಿ ಹಾಕಿದಾಗ ವೋಲ್ಟೇಜ್ ಕುಸಿದು ಬೇಗನೆ ಲೈನಿಗೆ ಹೋಗುವಂತಿದ್ದರೆ 24ಕ್ಕೆ ಇಳಿಸಿ. ಕರೆಂಟ್ ಇಲ್ಲದಾಗ ಇನ್ವರ್ಟರ್ ಈ ಗಡಿಯನ್ನು ದಾಟಿ ಬ್ಯಾಟರಿಯನ್ನು ಬಳಸುತ್ತಲೇ ಹೋಗುತ್ತದೆ. ಆಗ ಅದನ್ನು ತಡೆಯುವ ಬೇರೆಯದೇ ಅಂಕೆ ಇದೆ. ಅದು 21 ಎಂದಿದ್ದರೆ 22 ಮಾಡುವುದು ಕ್ಷೇಮ.

ಬಿಲ್ಲಿನ ಮಾತು. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ನೀವು ಆ ಗೆರೆಯ ಮೇಲೆಯೇ ಇರುವುದರಿಂದ, ಸಂಜೆ ಒಂದು ಯೂನಿಟ್ಟಿನಷ್ಟು ಬ್ಯಾಟರಿಯಿಂದ ಬಳಸುವುದು ನಿಮಗೆ ನಿಜಕ್ಕೂ ಪ್ರಯೋಜನಕರ. ಆದರೆ ತಮ್ಮ ಅರ್ಹತೆಯ ಯೂನಿಟ್ಟಿಗಿಂತ ಬಹಳ ಕಡಿಮೆ ಬಳಸುವ ಮನೆಯವರು ಎಸ್‌ಬಿಯು ಇಟ್ಟು ದಿನವೂ ಬ್ಯಾಟರಿ ಸವೆಸುವುದನ್ನು ನಾನು ಒಪ್ಪುವುದಿಲ್ಲ. ಉಚಿತವಾಗಿ ಸಿಗುವ ವಿದ್ಯುತ್ತನ್ನು ಉಳಿಸಲು ಅವರು ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಕಳೆದುಕೊಳ್ಳುತ್ತಾರೆ.

ಒಂದು ಎಚ್ಚರಿಕೆ ಉಳಿದಿದೆ. ನಮ್ಮ ಕಡೆ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಮೋಡ ಕವಿದು ಎರಡು ಮೂರು ದಿನ ಬಿಸಿಲೇ ಕಾಣದಿರುವುದುಂಟು. ಲೆಡ್ ಆಸಿಡ್ ಬ್ಯಾಟರಿಯನ್ನು ಅರೆಬರೆ ಚಾರ್ಜಿನಲ್ಲಿ ದಿನಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಅಂಥ ದಿನಗಳಲ್ಲಿ ಸಿಎಸ್‌ಒಗೆ ಬದಲಿಸಿ, ಲೈನಿನ ಚಾರ್ಜಿಂಗ್ ಮಿತಿಯನ್ನು 10 ಆಂಪಿಯರ್ ಇಟ್ಟು, ಬ್ಯಾಟರಿ ಪೂರ್ತಿ ತುಂಬಿಸಿ ಮತ್ತೆ ಒಎಸ್‌ಒಗೆ ತನ್ನಿ.

ಪ್ರಶ್ನೆ: ಬಂಗಾರಪೇಟೆಯ ನಮ್ಮ ಮನೆಯಲ್ಲಿ ಲಿಥಿಯಂ ಬ್ಯಾಟರಿ ಇದೆ. ಇದಕ್ಕೂ ಇದೇ ರೀತಿ ವೋಲ್ಟೇಜ್ ಇಡಬಹುದೇ?

ಉತ್ತರ: ಬೇಡ. ಮನೆಗಳಿಗೆ ಹಾಕುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್ ನಡುವಿನ ಬಹುಭಾಗದಲ್ಲಿ ಅಷ್ಟಾಗಿ ಬದಲಾಗುವುದಿಲ್ಲ; ಶೇಕಡ 70 ಇದೆಯೋ 40 ಇದೆಯೋ ಎಂಬುದನ್ನು ವೋಲ್ಟೇಜಿನಿಂದ ತಿಳಿಯುವುದು ಕಷ್ಟ. ಬ್ಯಾಟರಿಯೊಳಗಿನ ಬಿಎಂಎಸ್‌ನಿಂದ (ಬ್ಯಾಟರಿಯ ಸ್ಥಿತಿಯನ್ನು ನೋಡಿಕೊಳ್ಳುವ ನಿಯಂತ್ರಕ) ಇನ್ವರ್ಟರಿಗೆ ಕೇಬಲ್ ಹಾಕಿಸಿ, ಗಡಿಗಳನ್ನು ಶೇಕಡಾವಾರಿನಲ್ಲೇ ಇಡಿ. ಲೈನಿಗೆ ಹೋಗಲು ಶೇಕಡ 40, ಬ್ಯಾಟರಿಗೆ ಮರಳಲು ಶೇಕಡ 80 ಎಂದು ಆರಂಭಿಸಿ, ನಿಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನು ನೋಡಿಕೊಂಡು ಮೊದಲನೆಯದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಿ.