ರೇಕ್ಯಾವಿಕ್‌ನ ಡಿಸೆಂಬರ್‌ನಲ್ಲಿ ಏನು ಓದಲಿ ಅಂದೆಯಲ್ಲ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಸೆಪ್ಟೆಂಬರ್‌ನಲ್ಲಿ ಬೆಟಗೇರಿಯಿಂದ ಬಂದು ಐಸ್ಲ್ಯಾಂಡಿನ ಈ ರಾಜಧಾನಿಯ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದೀಯ. ಭಾಷೆ ಇನ್ನೂ ಬಾಯಿಗೆ ಹತ್ತಿಲ್ಲ. ಊರಲ್ಲಿ ಡಿಸೆಂಬರ್ ಬಂತು ಅಂದ್ರೆ ಅಪ್ಪ ರಾತ್ರಿ ಊಟ ಆದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಬೈಬಲ್ಲೋ ಭಕ್ತರ ಚರಿತ್ರೆಯೋ ಗಟ್ಟಿಯಾಗಿ ಓದುತ್ತಿದ್ದರು, ಇಲ್ಲಿ ರೂಮು, ಹಿಮ, ಕತ್ತಲೆ ಅಷ್ಟೇ, ಈ ಊರಲ್ಲಿ ಕ್ರಿಸ್ಮಸ್ ಹೇಗೆ ಕಳೆಯುವುದು, ಏನು ಓದುವುದು ಅಂತ ಕೇಳಿದ್ದೀಯ. ಓದಿ ನನಗೆ ನನ್ನ ಮೊದಲ ವರ್ಷವೇ ನೆನಪಾಯಿತು. ನಾನು ಮಂಗಳೂರಿನ ಬಲ್ಮಠದಿಂದ ಬಂದು ಈಗ ಹದಿನೇಳು ವರ್ಷ. ನಿನ್ನ ಹಾಗೆಯೇ ಓದುವ ಮನೆಯಿಂದ ಬಂದವಳು.

ಕತ್ತಲೆಯ ಮಾತು ಮೊದಲು ಮುಗಿಸುತ್ತೇನೆ. ಡಿಸೆಂಬರ್ ಮೂರನೇ ವಾರ ಬೆಳಿಗ್ಗೆ 11 ದಾಟಿದ ಮೇಲೆ ಸೂರ್ಯ ಕಾಣಿಸುತ್ತಾನೆ, ಮಧ್ಯಾಹ್ನ 3.30ರ ಹೊತ್ತಿಗೆ ಹೋಗಿಬಿಡುತ್ತಾನೆ. ದಿನಾ ಒಂದು ಚಮಚ ಮೀನೆಣ್ಣೆ ಕುಡಿ, ಇಲ್ಲಿ ಎಲ್ಲರೂ ಕುಡಿಯುತ್ತಾರೆ. ಬೆಳಕಿರುವಾಗ ಅರ್ಧ ಗಂಟೆಯಾದರೂ ಹೊರಗೆ ನಡೆದು ಬಾ. ಉಳಿದ ಕತ್ತಲೆಯನ್ನು ಓದುವುದಕ್ಕೆ ಇಟ್ಟುಕೋ. ಈ ದೇಶದವರು ನೂರಾರು ವರ್ಷಗಳಿಂದ ಮಾಡಿಕೊಂಡು ಬಂದಿರುವುದೂ ಅದನ್ನೇ.

ನವೆಂಬರ್‌ನಿಂದ ಇಲ್ಲಿ ಹೊಸ ಪುಸ್ತಕಗಳು ಒಂದೇ ಸಮನೆ ಬರತೊಡಗುತ್ತವೆ. ಅದಕ್ಕೆ ಇವರು ಯೋಲಾಬೋಕಾಫ್ಲೋದ್ ಅನ್ನುತ್ತಾರೆ, ಅಂದರೆ ಕ್ರಿಸ್ಮಸ್ ಪುಸ್ತಕಗಳ ನೆರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರಗಿನಿಂದ ತರಿಸುವ ಸಾಮಾನಿಗೆಲ್ಲ ಕಟ್ಟುಪಾಡು ಇತ್ತು, ಕಾಗದಕ್ಕೆ ಮಾತ್ರ ಅಷ್ಟು ಬಿಗಿ ಇರಲಿಲ್ಲ. ಹಾಗಾಗಿ ಉಡುಗೊರೆ ಅಂದರೆ ಪುಸ್ತಕ ಅಂತಾಯಿತು. ದೇಶ ಗಣರಾಜ್ಯವಾದ 1944ರಲ್ಲೇ ಆ ವರ್ಷದ ಪುಸ್ತಕಗಳ ಪಟ್ಟಿ ಅಚ್ಚು ಮಾಡುವುದೂ ಶುರುವಾಯಿತು. ಬೋಕಾತೀದಿಂದಿ ಅಂತ ಅದರ ಹೆಸರು. ಅಂಗಡಿಯಲ್ಲೋ ಲೈಬ್ರರಿಯಲ್ಲೋ ಒಂದು ಪ್ರತಿ ತಗೋ. ಭಾಷೆ ಬರದಿದ್ದರೂ ಪರವಾಗಿಲ್ಲ, ಹಾಳೆ ತಿರುವಿ ನೋಡು. ಹೊಸ ಪುಸ್ತಕ ಏಳೆಂಟು ಸಾವಿರ ಕ್ರೋನಾ ಆಗುತ್ತದೆ, ಈಗಲೇ ಕೊಳ್ಳುವ ಅಗತ್ಯ ಇಲ್ಲ. ಲೈಬ್ರರಿ ಕಾರ್ಡ್ ಮಾಡಿಸಿಕೋ, ಇಂಗ್ಲಿಷ್ ಅನುವಾದಗಳು ಬೇಕಾದಷ್ಟು ಸಿಗುತ್ತವೆ.

ನಿಮ್ಮ ಅಪ್ಪ ಓದುತ್ತಿದ್ದರಲ್ಲ, ಅಂಥದೇ ಪದ್ಧತಿ ಇಲ್ಲಿಯೂ ಇತ್ತು. ಮೇಲೆ ಹುಲ್ಲು ಬೆಳೆದ ಮಣ್ಣಿನ ಮನೆಗಳಲ್ಲಿ ಚಳಿಗಾಲದ ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಉಣ್ಣೆ ಬಿಡಿಸುತ್ತಾ, ನೂಲುತ್ತಾ, ಹೆಣೆಯುತ್ತಾ ಇರುತ್ತಿದ್ದರು. ಒಬ್ಬರು ದೀಪದ ಹತ್ತಿರ ಕೂತು ಸಾಗಾ, ಅಂದರೆ ಈ ನಾಡಿನ ಪೂರ್ವಿಕರ ಹಳೆಯ ಗದ್ಯಕಥೆ, ಓದುತ್ತಿದ್ದರು. ಕೊನೆಗೆ ದೇವರ ವಾಕ್ಯ, ಒಂದು ಕೀರ್ತನೆ, ಆಮೇಲೆ ಮಲಗುವುದು. ಸಾಗಾ ಮತ್ತು ಚರ್ಚಿನ ಪ್ರಸಂಗದ, ಅಂದರೆ ಬೋಧನೆಯ, ಪುಸ್ತಕ ಎರಡೂ ಒಂದೇ ಶೆಲ್ಫಿನಲ್ಲಿ ಇರುತ್ತಿದ್ದವು. ಇತಿಹಾಸ ಬೇರೆ, ಭಕ್ತಿ ಬೇರೆ ಅಂತ ಇವರು ಯಾವತ್ತೂ ಬೇಲಿ ಹಾಕಲಿಲ್ಲ. ನನಗೆ ಇಲ್ಲಿಯ ಪುಸ್ತಕಗಳು ಅಷ್ಟು ಹಿಡಿಸಿದ್ದೂ ಅದಕ್ಕೇ.

ಈಗ ಏನು ಓದುವುದು ಅನ್ನುವುದಕ್ಕೆ ಬರುತ್ತೇನೆ.

ನಾನು ಮೊದಲು ಕೇಳಿದ್ದು ಒಂದು ಕೊಟ್ಟಿಗೆಯ ಕಥೆ. 1530ರ ಆಸುಪಾಸು ಸ್ಕಾಲ್‌ಹೊಲ್ಟ್ ಎಂಬಲ್ಲಿ ಬಿಷಪ್ ಇದ್ದರು. ದೇಶ ಇನ್ನೂ ಕ್ಯಾಥೊಲಿಕ್. ಬಿಷಪ್ಪರ ಹತ್ತಿರ ಒದ್ದುರ್ ಗೊಟ್ಸ್‌ಕಾಲ್ಕ್‌ಸನ್ ಎಂಬ ಯುವಕ ಕೆಲಸಕ್ಕಿದ್ದ. ಅವನಿಗೆ ಕ್ಯಾಥೊಲಿಕ್ ಚರ್ಚನ್ನು ಎದುರಿಸಿದ ಜರ್ಮನಿಯ ಲೂಥರನ ಮಾತು ಹಿಡಿಸಿತ್ತು. ಹೊಸ ಒಡಂಬಡಿಕೆಯನ್ನು ತನ್ನ ಭಾಷೆಗೆ ತರಬೇಕು ಅಂತ ಆಸೆ. ಬಿಷಪ್ಪರಿಗೆ ಗೊತ್ತಾದರೆ ಕಷ್ಟ. ಹಾಗಾಗಿ ಹಸುವಿನ ಕೊಟ್ಟಿಗೆಯಲ್ಲಿ ಕೂತು ಗುಟ್ಟಾಗಿ ಅನುವಾದ ಮಾಡಿದ ಅಂತ ಹೇಳುತ್ತಾರೆ. ಇಲ್ಲಿಯ ಚಳಿಯಲ್ಲಿ ಬೆರಳು ಮರಗಟ್ಟದೆ ಬರೆಯಬೇಕಾದರೆ ದನಗಳ ಬಿಸಿ ಇರುವ ಜಾಗವೇ ಬೇಕಲ್ವಾ? ಆ ಪುಸ್ತಕ 1540ರಲ್ಲಿ ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ಅಚ್ಚಾಯಿತು. ಐಸ್ಲ್ಯಾಂಡಿಕ್ ಭಾಷೆಯಲ್ಲಿ ಅಚ್ಚಾಗಿ ಇವತ್ತಿಗೂ ಉಳಿದಿರುವ ಪುಸ್ತಕಗಳಲ್ಲಿ ಅದೇ ಹಳೆಯದು.

ಗೋದಲಿ, ಅಂದರೆ ದನಗಳ ಮೇವಿನ ತೊಟ್ಟಿ, ಎಂಬ ಮಾತು ನಮ್ಮ ಬೈಬಲ್‌ನಲ್ಲಿ ಬಂದಾಗಲೆಲ್ಲ ನನಗೆ ಈಗ ಆ ಕೊಟ್ಟಿಗೆ ಕಣ್ಣಿಗೆ ಬರುತ್ತದೆ. ಯೇಸುಸ್ವಾಮಿ ಹುಟ್ಟಿದ್ದು ದನಗಳ ನಡುವೆ. ಈ ದೇಶಕ್ಕೆ ಸುವಾರ್ತೆ ತಾಯ್ನುಡಿಯಲ್ಲಿ ಬಂದದ್ದೂ ದನಗಳ ನಡುವೆ.

ಆಮೇಲೆ 1584ರಲ್ಲಿ ಉತ್ತರದ ಹೋಲರ್‌ನಲ್ಲಿ ಬಿಷಪ್ ಗುದ್‌ಬ್ರಾಂದುರ್ ಥೋರ್ಲಾಕ್‌ಸನ್ ಇಡೀ ಬೈಬಲ್ ಅಚ್ಚು ಮಾಡಿಸಿದರು. ಐನೂರು ಪ್ರತಿ. ಒಂದು ಪ್ರತಿಯ ಬೆಲೆ ಎರಡು ಮೂರು ಹಸುವಿನಷ್ಟಿತ್ತಂತೆ. ಆಗ ಆಳುತ್ತಿದ್ದವರು ಡೆನ್ಮಾರ್ಕಿನವರು. ಅದೇ ಆಡಳಿತದಲ್ಲಿದ್ದ ನಾರ್ವೆಯಲ್ಲಿ ಚರ್ಚಿಗೆ ಡ್ಯಾನಿಷ್ ಬೈಬಲ್ ಬಂತು, ಬರವಣಿಗೆಯೂ ಡ್ಯಾನಿಷ್ ಆಯಿತು. ಇಲ್ಲಿ ಚರ್ಚಿನ ಭಾಷೆ ಮನೆಯ ಭಾಷೆಯೇ ಆಗಿ ಉಳಿಯಿತು. ಇವತ್ತಿನ ಶಾಲೆ ಮಕ್ಕಳು ಏಳೆಂಟು ನೂರು ವರ್ಷದ ಹಿಂದಿನ ಸಾಗಾಗಳನ್ನು ಸ್ವಲ್ಪ ಸಹಾಯ ಇದ್ದರೆ ಓದಬಲ್ಲರು ಅಂದರೆ ಅದರಲ್ಲಿ ಆ ಬೈಬಲ್‌ನ ಪಾಲು ದೊಡ್ಡದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಚರ್ಚಿನಲ್ಲಿ ಬೆಳೆದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1841ರಲ್ಲಿ ಮಂಗಳೂರಿಗೆ ಸುವಾರ್ತೆಗೆಂದು ಬಂದ ಅಚ್ಚುಕೂಟದಿಂದಲೇ ಎರಡು ವರ್ಷದಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟಿತು, 1894ರಲ್ಲಿ ಕಿಟೆಲ್ ಅವರ ನಿಘಂಟೂ ಬಂತು. ನಮ್ಮ ಅಜ್ಜ ಆ ನಿಘಂಟಿನ ಮಾತೆತ್ತಿದರೆ ಸಾಕು, ಕೂತಲ್ಲೇ ಬೆನ್ನು ನೇರ ಮಾಡುತ್ತಿದ್ದರು.

ಎರಡನೆಯದು ಗುದ್ರೀದುರ್ ಸೀಮೊನಾರ್‌ದೊತ್ತಿರ್ ಅವರ ಬದುಕು. ಇದನ್ನು ನೀನು ತಿಳಿದುಕೊಳ್ಳಲೇಬೇಕು. 1627ರ ಜುಲೈನಲ್ಲಿ ಅಲ್ಜೀರಿಯಾ ಕಡೆಯ ಕಡಲ್ಗಳ್ಳರು ದಕ್ಷಿಣದ ವೆಸ್ಟ್‌ಮನ್ ದ್ವೀಪಗಳಿಗೆ ನುಗ್ಗಿ ಇನ್ನೂರಕ್ಕೂ ಹೆಚ್ಚು ಜನರನ್ನು ಹಿಡಿದುಕೊಂಡು ಹೋದರು. ಅವರಲ್ಲಿ ಒಬ್ಬಳು ಗುದ್ರೀದುರ್, ಮೀನುಗಾರನ ಹೆಂಡತಿ, ಜೊತೆಗೆ ಚಿಕ್ಕ ಮಗ. ಅಲ್ಜಿಯರ್ಸ್‌ನಲ್ಲಿ ಗುಲಾಮಳಾಗಿ ಒಂಬತ್ತು ವರ್ಷ ಇದ್ದಳು. ಡೆನ್ಮಾರ್ಕಿನ ರಾಜನ ಕಡೆಯಿಂದ ಹಣ ಹೋಗಿ ಬಿಡುಗಡೆ ಆದಾಗ ಮಗ ಅಲ್ಲೇ ಉಳಿದ. ಕೋಪನ್‌ಹೇಗನ್‌ಗೆ ಬಂದ ಮೇಲೆ, ಇಷ್ಟು ವರ್ಷ ಬೇರೆ ಧರ್ಮದವರ ನಡುವೆ ಇದ್ದರಲ್ಲ, ಮತ್ತೆ ಕ್ರೈಸ್ತ ಪಾಠ ಹೇಳಿಸಬೇಕು ಅಂತ ಒಬ್ಬ ವಿದ್ಯಾರ್ಥಿಯನ್ನು ನೇಮಿಸಿದರು. ಅವನೇ ಹಾಲ್‌ಗ್ರೀಮುರ್ ಪ್ಯೇತುರ್ಸನ್. ಅವಳಿಗಿಂತ ಹದಿನಾರು ವರ್ಷ ಚಿಕ್ಕವನು. ಇಬ್ಬರೂ ಮದುವೆಯಾಗಿ ಬಡತನದಲ್ಲೇ ಊರಿಗೆ ಮರಳಿದರು. ಅವನು ಮುಂದೆ ಪಾದ್ರಿಯಾದ. 1666ರಲ್ಲಿ ಅಚ್ಚಾದ ಯೇಸುವಿನ ಶ್ರಮೆಯ ಮೇಲಿನ ಅವನ ಐವತ್ತು ಕೀರ್ತನೆಗಳನ್ನು ಇವತ್ತಿಗೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ರೇಡಿಯೋದಲ್ಲಿ ದಿನಕ್ಕೊಂದರಂತೆ ಓದುತ್ತಾರೆ. ಊರಿನ ಗುಡ್ಡದ ಮೇಲಿನ ದೊಡ್ಡ ಚರ್ಚ್ ಹಾಲ್‌ಗ್ರೀಮ್ಸ್‌ಕಿರ್ಕ್ಯಾ ನೋಡಿದ್ದೀಯಲ್ಲ, ಅದು ಅವನ ಹೆಸರಿನದೇ.

ಆ ಕಡಲ್ಗಳ್ಳರನ್ನು ಇಲ್ಲಿ ತುರ್ಕಿಗಳು ಅನ್ನುತ್ತಿದ್ದರು, ಹಾಗಾಗಿ ಅವಳನ್ನು ಮಾತ್ರ ಊರವರು ತುರ್ಕಿ ಗುದ್ದಾ ಅಂತ ಚುಚ್ಚಿ ಕರೆದರು. ಮನೆಯಲ್ಲಿ ಗುಟ್ಟಾಗಿ ವಿಗ್ರಹ ಪೂಜಿಸುತ್ತಾಳೆ ಅಂತಲೂ ಕಥೆ ಕಟ್ಟಿದರು. ಮಗುವನ್ನು ಕಳೆದುಕೊಂಡು, ಸಮುದ್ರ ದಾಟಿ ಬಂದವಳಿಗೆ ಸಿಕ್ಕ ಮರ್ಯಾದೆ ಇದು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 2001ರಲ್ಲಿ ಸ್ಟೇಯ್‌ನುನ್ ಯೋಹಾನ್ನೆಸ್‌ದೊತ್ತಿರ್ ಎಂಬ ಲೇಖಕಿ ಅವಳ ಮೇಲೆ ದೊಡ್ಡ ಕಾದಂಬರಿ ಬರೆದು ಅವಳಿಗೆ ಮತ್ತೆ ಮುಖ ಕೊಟ್ಟರು. ಭಾಷೆ ಬಂದ ಮೇಲೆ ಅದನ್ನು ಓದು.

ಸದ್ಯಕ್ಕೆ ಇಂಗ್ಲಿಷಿನಲ್ಲಿ ಸಿಗುವುದು ಅವಳ ಜೊತೆಯಲ್ಲೇ ಸೆರೆಯಾದ ಪಾದ್ರಿ ಒಲಾಫುರ್ ಎಗಿಲ್‌ಸನ್ ಬರೆದ ಪ್ರಯಾಣದ ಪುಸ್ತಕ. ಚಿಕ್ಕದು, ಎರಡು ರಾತ್ರಿಗೆ ಮುಗಿಯುತ್ತದೆ. ಅವರ ಹೆಂಡತಿ ತುಂಬು ಗರ್ಭಿಣಿ. ಹಡಗಿನಲ್ಲೇ ಹೆರಿಗೆ ಆಯಿತು. ಆಗ ಆ ಕಳ್ಳರಲ್ಲೇ ಇಬ್ಬರು ತಮ್ಮ ಹಳೆಯ ಅಂಗಿ ಕೊಟ್ಟರು, ಮಗುವನ್ನು ಸುತ್ತಿಕೊಳ್ಳಲು. ಹಿಡಿದುಕೊಂಡು ಹೋಗುತ್ತಿರುವವರ ಕೈಯಿಂದಲೇ ಆ ಬಟ್ಟೆ. ಒಲಾಫುರ್ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ನಾನು ಆ ಪುಟ ಓದಿದ್ದು ಒಂದು ಡಿಸೆಂಬರ್ 24ರ ರಾತ್ರಿ, ಮಕ್ಕಳು ಮಲಗಿದ ಮೇಲೆ. ಪುಸ್ತಕ ಮಡಚಿಟ್ಟು ಎದ್ದು ಹೋಗಿ ಅಪ್ಪನ ಕನ್ನಡ ಬೈಬಲ್ ತೆಗೆದೆ. ಲೂಕನ ಎರಡನೇ ಅಧ್ಯಾಯ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಆ ವಾಕ್ಯ. ಚಿಕ್ಕಂದಿನಿಂದ ಬಾಯಿಪಾಠ ಇದ್ದ ವಾಕ್ಯ ಅದು, ಆದರೆ ಅವತ್ತು ಮೊದಲ ಸಲ ಬಟ್ಟೆ ಯಾರು ಕೊಟ್ಟಿರಬಹುದು ಅಂತ ಯೋಚಿಸಿದೆ. ಲೈಟ್ ಆರಿಸದೆ ತುಂಬಾ ಹೊತ್ತು ಕೂತಿದ್ದೆ.

ಮೂರನೆಯದು ಗುನ್ನಾರ್ ಗುನ್ನಾರ್ಸನ್ ಅವರ ಅಡ್ವೆಂಟ್. ಅವರು ಡ್ಯಾನಿಷ್‌ನಲ್ಲಿ ಬರೆಯುತ್ತಿದ್ದರು, ಇದು 1930ರ ದಶಕದ್ದು. ನೂರು ಪುಟವೂ ಆಗದಂಥ ಪುಸ್ತಕ. ಬೆನೆಡಿಕ್ಟ್ ಎಂಬ ಆಳು, ಅವನ ನಾಯಿ ಲೇಯೊ, ಏಟಿಲ್ ಎಂಬ ಟಗರು. ಕುರಿಗಳನ್ನೆಲ್ಲ ಬೆಟ್ಟದಿಂದ ಇಳಿಸಿದ ಮೇಲೂ ಒಂದೆರಡು ತಪ್ಪಿಸಿಕೊಂಡು ಅಲ್ಲೇ ಉಳಿದಿರುತ್ತವೆ. ಅವನ್ನು ಹುಡುಕಲು ಆಗಮನ ಕಾಲದ (ಅಡ್ವೆಂಟ್ ಅಂದರೆ ಇದೇ, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಮೊದಲ ಭಾನುವಾರ ಇವರು ಮೂವರು ಹಿಮದೊಳಗೆ ಹೊರಡುತ್ತಾರೆ. ಕುರಿಗಳು ಅವನವೂ ಅಲ್ಲ, ಬೇರೆಯವರದು. ಪ್ರತಿ ವರ್ಷ ಹೋಗುತ್ತಾನೆ. ಅಷ್ಟೇ ಕಥೆ. ನಿಜವಾಗಿ ಬದುಕಿದ್ದ ಒಬ್ಬ ಕುರಿಗಾಹಿಯ ಪ್ರಯಾಣವೇ ಇದಕ್ಕೆ ಮೂಲ. ಪ್ರಸಂಗ ಒಂದು ಸಾಲೂ ಇಲ್ಲ. ಆದರೂ ಬೈಬಲ್‌ನಲ್ಲಿ ಯೇಸು ಹೇಳಿದ ಒಳ್ಳೇ ಕುರುಬನ ದೃಷ್ಟಾಂತ ಪುಟಪುಟದಲ್ಲೂ ಇದೆ. ಪೂರ್ವದ ಸ್ಕ್ರಿದುಕ್ಲೌಸ್ತುರ್‌ನಲ್ಲಿ ಗುನ್ನಾರ್ ಕಟ್ಟಿಸಿದ ಮನೆಯಲ್ಲಿ ಪ್ರತಿ ಡಿಸೆಂಬರ್ ಇದನ್ನು ಪೂರ್ತಿ ಗಟ್ಟಿಯಾಗಿ ಓದುತ್ತಾರೆ. ನೀನು ಇದರಿಂದಲೇ ಶುರು ಮಾಡು. ರಾತ್ರಿ ಪಾಳಿ ಮಾಡುವವರಿಗೆ ಬೆನೆಡಿಕ್ಟ್ ಬೇಗ ಅರ್ಥವಾಗುತ್ತಾನೆ.

ಸಾಗಾಗಳು ಜನವರಿಗೆ ಇರಲಿ. ಹಸ್ತಪ್ರತಿಗಳನ್ನು ಮಾತ್ರ ಒಮ್ಮೆ ಕಣ್ಣಾರೆ ನೋಡಿ ಬಾ, ಎಡ್ಡಾ ಎಂಬ ಹೊಸ ಕಟ್ಟಡದಲ್ಲಿ ಇಟ್ಟಿದ್ದಾರೆ. ಫ್ಲಾತೆಯಾರ್‌ಬೋಕ್ ಎಂಬ ದೊಡ್ಡ ಪುಸ್ತಕ ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಇಬ್ಬರು ಪಾದ್ರಿಗಳು ಕರುವಿನ ಚರ್ಮದ ಮೇಲೆ ಬರೆದದ್ದು. 1971ರ ಏಪ್ರಿಲ್ 21ರಂದು ಡೆನ್ಮಾರ್ಕ್ ಅದನ್ನು ಹಡಗಿನಲ್ಲಿ ವಾಪಸ್ ಕಳಿಸಿದಾಗ ಶಾಲೆಗಳಿಗೆ ರಜೆ ಕೊಟ್ಟಿದ್ದರಂತೆ. ನಮ್ಮ ಮೇಲ್ಮನೆಯ ಅಜ್ಜಿ ಅವತ್ತು ಬಂದರಿನಲ್ಲಿ ಜನರ ನಡುವೆ ನಿಂತಿದ್ದವರು. ಪುಸ್ತಕ ಮನೆಗೆ ಬಂತು ಅಂತ ಹೇಳುವಾಗ ಈಗಲೂ ಅವರ ಕಣ್ಣು ತುಂಬುತ್ತದೆ.

ಒಂದು ಮಾತು ಹೇಳುತ್ತೇನೆ, ಕೇಳು. ರೂಮಿನಲ್ಲಿ ಒಬ್ಬಳೇ ಕೂತು ಓದಬೇಡ. ನೀನು ಕೆಲಸ ಮಾಡುವ ಕಡೆಯೇ ನಿನಗೆ ಬೇಕಾದವರು ಇದ್ದಾರೆ. ಅಲ್ಲಿಯ ಅಜ್ಜ ಅಜ್ಜಿಯರಲ್ಲಿ ಹಾಲ್‌ಗ್ರೀಮುರ್ ಕೀರ್ತನೆ ಬಾಯಿಪಾಠ ಇರುವವರು ಖಂಡಿತ ಸಿಗುತ್ತಾರೆ. ಮಾತ್ರೆ ಕೊಟ್ಟು, ಹೊದಿಕೆ ಸರಿ ಮಾಡುವಾಗ ಕೇಳು: ಕ್ವಾದ್ ಎರ್ತು ಆದ್ ಲೇಸಾ? ಏನು ಓದ್ತಾ ಇದ್ದೀರಿ ಅಂತ ಅರ್ಥ. ಡಿಸೆಂಬರ್‌ನಲ್ಲಿ ಈ ಪ್ರಶ್ನೆಗೆ ಮುಖ ತಿರುಗಿಸುವವರನ್ನು ನಾನು ಇಲ್ಲಿ ನೋಡಿಲ್ಲ. ನನ್ನ ಮೊದಲ ವರ್ಷ ಮೇಲ್ಮನೆ ಅಜ್ಜಿ ಲೌಫಾಬ್ರೌದ್ ಮಾಡಲು ಕರೆದರು. ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿದ ರೊಟ್ಟಿ, ಅದರ ಮೇಲೆ ಚಾಕುವಿನಲ್ಲಿ ಎಲೆಯ ಹಾಗೆ ಚಿತ್ತಾರ ಕತ್ತರಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ನಾವು ಕತ್ತರಿಸುತ್ತಿದ್ದೆವು, ಅಜ್ಜಿ ಓದುತ್ತಿದ್ದರು. ನನಗೆ ಹತ್ತರಲ್ಲಿ ಒಂದು ಶಬ್ದವೂ ಅರ್ಥ ಆಗಲಿಲ್ಲ. ಆದರೆ ಆ ದನಿಯ ಏರಿಳಿತ ನಮ್ಮ ಅಜ್ಜಿಯದೇ ಆಗಿತ್ತು. ಅವತ್ತಿನಿಂದ ಈ ಊರು ನನಗೆ ಪರಕೀಯ ಅನ್ನಿಸಿಲ್ಲ.

24ರ ಸಂಜೆ ಪಾಳಿ ಇಲ್ಲದಿದ್ದರೆ ಆರು ಗಂಟೆಗೆ ರೇಡಿಯೋ ಹಾಕು. ಪೇಟೆಯ ನಡುವಿನ ದೋಮ್‌ಕಿರ್ಕ್ಯಾ ಚರ್ಚಿನ ಗಂಟೆ ಕೇಳಿಸುತ್ತದೆ, ಆರಾಧನೆ ಶುರುವಾಗುತ್ತದೆ. ಇಡೀ ಊರಿಗೆ ಹಬ್ಬ ಆರಂಭ ಆಗುವುದು ಆ ಗಂಟೆಯಿಂದ. ಆಮೇಲೆ ಊಟ, ಉಡುಗೊರೆ. ಪುಸ್ತಕ ಬಂದರೆ ಎಲ್ಲರೂ ಅದನ್ನೇ ಹಿಡಿದು ಹಾಸಿಗೆಗೆ ಹೋಗುತ್ತಾರೆ, ಪಕ್ಕದಲ್ಲಿ ಚಾಕೊಲೇಟ್ ಡಬ್ಬಿ. ಯಾರೂ ತಪ್ಪು ತಿಳಿಯುವುದಿಲ್ಲ. ನಿನಗೆ ಬಂದ ಪುಸ್ತಕ ಈಗಾಗಲೇ ಇದ್ದರೆ ಹಿಂದಿನ ಚೀಟಿ ಕೀಳಬೇಡ, ಅದನ್ನು ತೋರಿಸಿದರೆ ಅಂಗಡಿಯಲ್ಲಿ ಬೇರೆ ಕೊಡುತ್ತಾರೆ.

ಆಗಮನ ಕಾಲದ ಮೊದಲ ಭಾನುವಾರ ನಮ್ಮ ಮನೆಗೆ ಬಾ. ಪ್ರತಿ ವರ್ಷ ಅವತ್ತು ಅಡ್ವೆಂಟ್ ಓದುತ್ತೇವೆ. ಮೇಲ್ಮನೆ ಅಜ್ಜಿ ಒಂದು ಪುಟ ಅವರ ಭಾಷೆಯಲ್ಲಿ, ನನ್ನ ಮಗ ಒಂದು ಪುಟ ಇಂಗ್ಲಿಷಿನಲ್ಲಿ, ನಾನು ನಡುವೆ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಈ ಸಲ ಕನ್ನಡದ ಪಾಲು ನಿನ್ನದು. ಅಪ್ಪ ಓದುತ್ತಿದ್ದ ಪುಸ್ತಕ ಯಾವುದಾದರೂ ಸೂಟ್‌ಕೇಸಿನಲ್ಲಿ ಬಂದಿದ್ದರೆ ಅದನ್ನೂ ತಗೊಂಡು ಬಾ, ಅಜ್ಜಿಗೆ ನಮ್ಮ ಲಿಪಿ ನೋಡುವುದು ತುಂಬಾ ಇಷ್ಟ. ಕೊಬ್ಬರಿ ಹಾಕಿ ಕರ್ಜಿಕಾಯಿ ಮಾಡಿರುತ್ತೇನೆ. ದಪ್ಪ ಸಾಕ್ಸ್ ಹಾಕಿಕೊಂಡು ಬಾ, ಶೂ ಬಾಗಿಲಲ್ಲೇ ಬಿಡಬೇಕು.